ಮಾವನ ಮಳೆ ಪುಸ್ತಕ

ಅಕ್ಕಾ, ನನ್ನ ತವರು ಅರಸೀಕೆರೆ ಕಡೆ, ತೆಂಗಿನ ಸೀಮೆ. ಮದುವೆಯಾಗಿ ಬಂದದ್ದು ಬೇಲೂರು ತಾಲ್ಲೂಕಿನ ಅರೇಹಳ್ಳಿ ಹತ್ತಿರದ ಊರಿಗೆ. ಸ್ವಲ್ಪ ಕಾಫಿ, ಮೆಣಸು ಇದೆ. ಓದುವ ಹುಚ್ಚು ಮೊದಲಿಂದಲೂ ಇತ್ತು, ಈಚೆಗೆ ಬರೆಯುತ್ತಲೂ ಇದ್ದೆ. ಕಣದಲ್ಲಿ ಹಣ್ಣು ಹರಡಿದ್ದಾಗ ಬಂದ ಅಕಾಲದ ಮಳೆಯ ಮೇಲೆ ಒಂದು ಕಥೆ ಬರೆದು ನಮ್ಮ ಓದುಗರ ಬಳಗದಲ್ಲಿ ಓದಿದೆ. ನಾನು ತುಂಬ ಗೌರವಿಸುವ ಹಿರಿಯರೊಬ್ಬರು, “ಇದು ಕಥೆ ಅಲ್ಲಮ್ಮ, ವರದಿ. ಸಾಹಿತ್ಯಕ್ಕೆ ಬೇಕಾದ್ದು ಮನುಷ್ಯ ಸಂಬಂಧ. ಮಳೆ ಬೆಳೆ ಎಲ್ಲ ಕೃಷಿ ಪುಟಕ್ಕೆ ಕಳಿಸು” ಅಂದರು. ಅವತ್ತಿಂದ ಪೆನ್ನು ಮುಟ್ಟಿಲ್ಲ. ಬೇಜಾರಿಗೆ ನನ್ನ ಇಷ್ಟದ ಕಾದಂಬರಿಗಳನ್ನು ಮತ್ತೆ ತೆಗೆದೆ. ಅವುಗಳಲ್ಲಿ ಮಳೆ ಬರಬೇಕಾದಾಗ ಬರುತ್ತದೆ, ನಮ್ಮ ಮನೆಯಲ್ಲಿ ಹಾಗೆ ಬರುತ್ತಿಲ್ಲ. ಮಾವನವರು ರಾತ್ರಿ ಎದ್ದು ಹೋಗಿ ಅಂಗಳದಲ್ಲಿ ನಿಲ್ಲುತ್ತಾರೆ. ಅವರು ಹಾಗೆ ನಿಂತಿರುವಾಗ ಒಳಗೆ ಕೂತು ಕಾದಂಬರಿ ಓದುವುದೇ ತಪ್ಪು ಅನ್ನಿಸುತ್ತದೆ. ಕಥೆ ಬಿಟ್ಟು ಲೇಖನ ಬರೆಯಲೇ? ಇಲ್ಲಾ ಎರಡನ್ನೂ ಬಿಟ್ಟುಬಿಡಲೇ? ಕಥೆಯ ಪ್ರತಿ ಜೊತೆಗಿಟ್ಟಿದ್ದೇನೆ.
— ಹೆಸರು ಬೇಡ, ಅರೇಹಳ್ಳಿ

ತಂಗಿ,

ಎರಡನ್ನೂ ಬಿಡಬೇಡಿ. ಲೇಖನ ಬರೆಯಬೇಕು ಅನ್ನಿಸಿದರೆ ಧಾರಾಳವಾಗಿ ಬರೆಯಿರಿ. ಆದರೆ ಕಥೆಯ ಜಾಗಕ್ಕೆ ಲೇಖನವನ್ನು ತಂದು ಕೂರಿಸಬೇಡಿ. ನಿಮ್ಮ ಕಥೆ ಹೇಳಹೊರಟದ್ದನ್ನು ಲೇಖನದಲ್ಲಿ ಹೇಳಲು ಬರುವುದಿಲ್ಲ. ಯಾಕೆ ಅನ್ನುವುದಕ್ಕೆ ನಿಮ್ಮ ಕಥೆಯ ಎರಡನೇ ಪುಟವೇ ಸಾಕ್ಷಿ.

ಆ ಪುಟದಲ್ಲಿ ಕಣದ ದೃಶ್ಯ ಇದೆ. ಜನವರಿಯ ಸಂಜೆ. ಮೋಡ ಕಟ್ಟಿದ್ದು ಕಂಡು ಸೊಸೆ ಟಾರ್ಪಾಲು ತರಲು ಓಡುತ್ತಾಳೆ. “ಸಂಕ್ರಾಂತಿ ಹೊತ್ತಲ್ಲಿ ಎಂಥಾ ಮಳೆ, ಸುಮ್ನಿರು” ಅನ್ನುತ್ತಾರೆ ಮಾವ. ಹನಿ ಬಿದ್ದೇ ಬೀಳುತ್ತದೆ. ಇಬ್ಬರೂ ಟಾರ್ಪಾಲಿನ ಒಂದೊಂದು ತುದಿ ಹಿಡಿದು ಎಳೆಯುತ್ತಿರುವಾಗ ಮಾವ ನಡುವೆ ತಮ್ಮ ತುದಿ ಬಿಟ್ಟು ಆಕಾಶ ನೋಡುತ್ತಾ ನಿಂತುಬಿಡುತ್ತಾರೆ. “ಹಿಡ್ಕೊಳ್ಳಿ ಮಾವ!” ಎಂದು ಸೊಸೆ ಗದರುತ್ತಾಳೆ. ಮದುವೆಯಾಗಿ ಬಂದಮೇಲೆ ಆ ಮನೆಯಲ್ಲಿ ಅವಳು ದನಿ ಎತ್ತಿದ್ದು ಅದೇ ಮೊದಲು. ಮಾವ ಏನೂ ಅನ್ನದೆ ಬಗ್ಗಿ ತುದಿ ಹಿಡಿಯುತ್ತಾರೆ.

ಇದಕ್ಕಿಂತ ದೊಡ್ಡ ಮನುಷ್ಯ ಸಂಬಂಧ ಇನ್ನೇನು ಬೇಕು? ಮಳೆ ತನ್ನ ಹೊತ್ತಿಗೆ ಬರುತ್ತಿದ್ದರೆ ಆ ಸೊಸೆ ಆ ಮಾವನನ್ನು ಗದರುವ ಸಂದರ್ಭವೇ ಬರುತ್ತಿರಲಿಲ್ಲ. ಮನೆಯ ಯಜಮಾನಿಕೆ ಒಂದು ಕೈಯಿಂದ ಇನ್ನೊಂದು ಕೈಗೆ ಜಾರಿದ ಕ್ಷಣ ಅದು. ಅದನ್ನು ಜಾರಿಸಿದ್ದು ಅಕಾಲದ ಮಳೆ. ನಿಮ್ಮ ಬಳಗದ ಹಿರಿಯರು ಈ ಪುಟವನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಕೇಳಿಸಿಕೊಳ್ಳದಿರಲು ಕಾರಣವೂ ಇದೆ. ನಾಲ್ಕನೇ ಪುಟಕ್ಕೆ ಬಂದರೆ ಬಿ.ಎಸ್ಸಿ. ಕೃಷಿ ಓದಿದ ಮೈದುನ ಬೆಂಗಳೂರಿಂದ ಬಂದು ಊಟದ ಮುಂದೆ ಕೂತು ಒಂದೂವರೆ ಪುಟ ಮಾತಾಡುತ್ತಾನೆ. ಇಂಗಾಲದ ಡೈಆಕ್ಸೈಡ್, ಸಮುದ್ರದ ತಾಪ, ಮುಂಗಾರಿನ ಬದಲಾವಣೆ. ಅವನು ಹೇಳುವುದೆಲ್ಲ ಸರಿ. ಆದರೆ ಅವನು ಬಾಯಿ ತೆರೆದ ಕೂಡಲೇ ಸೊಸೆ ಮತ್ತು ಮಾವ ಇಬ್ಬರೂ ಕಥೆಯಿಂದ ಮಾಯವಾಗುತ್ತಾರೆ. ಹಿರಿಯರು ಹೇಳಿದ್ದು ಆ ಒಂದೂವರೆ ಪುಟಕ್ಕೆ ಸರಿಯಾಗಿ ಒಪ್ಪುತ್ತದೆ. ಅಷ್ಟಕ್ಕೇ ಮಳೆಯನ್ನೇ ಸಾಹಿತ್ಯದಿಂದ ಹೊರಗೆ ಕಳಿಸಿ ಅಂದದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಕಾದಂಬರಿಗಳಲ್ಲಿ ಮಳೆ ಬರಬೇಕಾದಾಗ ಬರುತ್ತದೆ ಎಂದು ಬರೆದಿದ್ದೀರಲ್ಲ, ಆ ಮಾತನ್ನು ಓದಿ ಬೆರಗಾದೆ. ಅಮಿತಾವ್ ಘೋಷ್ 2016ರಲ್ಲಿ ‘ದಿ ಗ್ರೇಟ್ ಡಿರೇಂಜ್‌ಮೆಂಟ್’ ಎಂಬ ಇಡೀ ಪುಸ್ತಕದಲ್ಲಿ ವಾದಿಸಿದ್ದು ಬಹುಮಟ್ಟಿಗೆ ಇದನ್ನೇ. 1978ರ ಮಾರ್ಚಿನಲ್ಲಿ, ದೆಹಲಿಯಲ್ಲಿ ಓದುತ್ತಿದ್ದಾಗ ಅವರು ಸುಂಟರಗಾಳಿಯೊಂದಕ್ಕೆ ಸಿಕ್ಕಿಹಾಕಿಕೊಂಡಿದ್ದರು. ದೆಹಲಿಯಲ್ಲಿ ಅಂಥದ್ದು ಕಂಡುಕೇಳರಿಯದ ಸಂಗತಿ. ಆಮೇಲೆ ಕಾದಂಬರಿಕಾರರಾದರು, ಹಳೆಯ ನೆನಪುಗಳನ್ನೆಲ್ಲ ಬಳಸಿಕೊಂಡರು, ಆ ಗಾಳಿಯನ್ನು ಮಾತ್ರ ಯಾವ ಕಾದಂಬರಿಯೊಳಗೂ ತರಲಾಗಲಿಲ್ಲ. ಯಾಕೆ ಎಂದು ಕೇಳಿಕೊಂಡಾಗ ಅವರಿಗೆ ಹೊಳೆದದ್ದು: ನಾವು ಗಂಭೀರ ಅನ್ನುವ ಕಾದಂಬರಿ ನಿಂತಿರುವುದೇ ದಿನನಿತ್ಯದ, ನಂಬಬಹುದಾದ ಸಂಗತಿಗಳ ಮೇಲೆ. ಅದರಲ್ಲಿ ಕಂಡರಿಯದ ಗಾಳಿ ಬೀಸಿದರೆ ಓದುಗ “ಲೇಖಕನಿಗೆ ದಾರಿ ಕಾಣದೆ ಇದನ್ನು ತಂದು ತುರುಕಿದ” ಅನ್ನುತ್ತಾನೆ. ಹೀಗಾಗಿ ಇಂಥ ಘಟನೆಗಳೆಲ್ಲ ವೈಜ್ಞಾನಿಕ ಕಥೆಗಳ ಪಾಲಾದವು, ದೊಡ್ಡ ಸಾಹಿತ್ಯ ತನ್ನ ಪಾಡಿಗೆ ಮನೆಯೊಳಗಿನ ಮಾತು ಆಡಿಕೊಂಡು ಉಳಿಯಿತು.

ಘೋಷ್ ಅವರ ಈ ವಾದ ಕನ್ನಡಕ್ಕೆ ಅರ್ಧ ಮಾತ್ರ ಹೊಂದುತ್ತದೆ. ನಮ್ಮ ಕಾದಂಬರಿ ಪ್ರಕೃತಿಯನ್ನು ಬಾಗಿಲಾಚೆ ಎಂದೂ ನಿಲ್ಲಿಸಿದ್ದಿಲ್ಲ. ಕುವೆಂಪು ಅವರ ಮಲೆನಾಡಿನಲ್ಲಿ ಕಾಡೂ ಒಂದು ಪಾತ್ರವೇ. ಕಾರಂತರ ‘ಬೆಟ್ಟದ ಜೀವ’ದ ಗೋಪಾಲಯ್ಯ ಕುಮಾರಪರ್ವತದ ಬುಡದಲ್ಲಿ ಕಾಡು ಸವರಿ ತೋಟ ಎಬ್ಬಿಸುವವರು. ಅವರನ್ನು ಪ್ರೀತಿಸದೆ ಆ ಪುಸ್ತಕ ಓದುವುದು ಸಾಧ್ಯವೇ ಇಲ್ಲ. ನಿಮ್ಮ ಮಾವನ ಅಪ್ಪ, ಅಜ್ಜ ಅಂಥವರೇ ಇದ್ದಿರಬೇಕು. ಇವತ್ತು ಅದೇ ಪುಸ್ತಕ ತೆರೆದರೆ ಗೋಪಾಲಯ್ಯನವರ ಮೇಲಿನ ಪ್ರೀತಿ ಹಾಗೇ ಇರುತ್ತದೆ, ಕತ್ತಿಯೇಟಿನ ಸದ್ದು ಮಾತ್ರ ಬೇರೆ ಥರ ಕೇಳಿಸುತ್ತದೆ. ಈ ಎರಡನ್ನೂ ಒಟ್ಟಿಗೆ ಹಿಡಿಯುವ ಕಾದಂಬರಿಯನ್ನು ನಮ್ಮ ಕಾಲದವರು ಬರೆಯಬೇಕಿತ್ತು, ಬರೆದದ್ದು ಕಡಿಮೆ.

ಯಾಕೆ ಕಡಿಮೆ? ನನಗೆ ಕಾಣುವ ಕಾರಣ ಹೇಳುತ್ತೇನೆ. ಅಣೆಕಟ್ಟಿಗೆ ಒಂದು ವಿಳಾಸ ಇರುತ್ತದೆ. ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದವರು, ಶರಾವತಿಯ ನೀರು ಊರುಗಳನ್ನು ನುಂಗಿದ್ದನ್ನು ಹತ್ತಿರದಿಂದ ಕಂಡವರು. ‘ಮುಳುಗಡೆ’, ‘ದ್ವೀಪ’ ಹುಟ್ಟಿದ್ದು ಅಲ್ಲಿಂದ. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ಸುತ್ತ ಏರುತ್ತಿರುವ ನೀರು, ನಡುವೆ ಬಿಟ್ಟು ಹೋಗಲಾರದ ಒಂದು ಸಂಸಾರ. ಆ ನೀರಿನ ಹಿಂದೆ ಸರ್ಕಾರ ಇದೆ, ನೋಟಿಸು ಇದೆ, ಪರಿಹಾರದ ಕಡತ ಇದೆ. ಸಿಟ್ಟು ಮಾಡಲು ಎದುರಿಗೆ ಯಾರೋ ಇದ್ದಾರೆ. ನಿಮ್ಮ ಜಿಲ್ಲೆಯಲ್ಲೇ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುತ್ತದೆ, ಯಾಕೆ ಎಂದು ಚಿಕ್ಕ ಮಕ್ಕಳೂ ಹೇಳುತ್ತಾರೆ. ಕಣದ ಮೇಲೆ ಬಿದ್ದ ಜನವರಿ ಮಳೆಗೆ ಯಾರ ಮೇಲೆ ಸಿಟ್ಟು ಮಾಡುವುದು? ಕಚೇರಿ ಇಲ್ಲ, ಇಂಜಿನಿಯರ್ ಇಲ್ಲ. ಖಳನಿಲ್ಲದ ಕಥೆ ಕಟ್ಟುವುದು ನಮಗೆ ಕಷ್ಟವಾಗಿದೆ. ಖಳ ಕಾಣದಿದ್ದಾಗ ನಾವು ಭಾಷಣಕಾರನನ್ನು ಕರೆತರುತ್ತೇವೆ. ನಿಮ್ಮ ಮೈದುನ ಬಂದದ್ದು ಹೀಗೆ.

ಖಳನಿಲ್ಲದೆಯೂ ಕಥೆ ಕಟ್ಟಬಹುದು ಎಂದು ತೋರಿಸಿದವರು ನಿಮ್ಮ ಪಕ್ಕದ ಮೂಡಿಗೆರೆಯಲ್ಲೇ ಇದ್ದರು. ತೇಜಸ್ವಿಯವರ ‘ಚಿದಂಬರ ರಹಸ್ಯ’ ಬಂದದ್ದು 1985ರಲ್ಲಿ. ಕೆಸರೂರು ಎಂಬ ಊರು, ಕುಸಿಯುತ್ತಿರುವ ಏಲಕ್ಕಿ ಬೆಳೆ, ಅದರ ಕಾರಣ ಹುಡುಕಲು ಬಂದವರು. ಪತ್ತೇದಾರಿಯ ಹಾಗೆ ಸಾಗುವ ಕಥೆಯಲ್ಲಿ ಊರಿನವರೆಲ್ಲ ತಂತಮ್ಮ ಜಾತಿ, ಜಗಳ, ಪ್ರೇಮ, ಅನುಮಾನಗಳಲ್ಲಿ ಮುಳುಗಿರುತ್ತಾರೆ. ಕೊನೆಗೆ ಬೆಂಕಿ ಬಂದು ಎಲ್ಲರನ್ನೂ ಸುತ್ತುವರಿಯುವಾಗ, ಹಚ್ಚಿದವರು ಯಾರು ಅನ್ನುವ ಪ್ರಶ್ನೆಗೆ ಬೆಲೆಯೇ ಉಳಿದಿರುವುದಿಲ್ಲ. ಹವಾಮಾನ ಬದಲಾವಣೆ ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿ ಬಳಕೆಗೆ ಬರುವುದಕ್ಕೆ ಬಹಳ ಮೊದಲೇ ಅದರ ಕಥೆಗೆ ಬೇಕಾದ ಅಚ್ಚನ್ನು ಅವರು ಎರೆದಿಟ್ಟು ಹೋದರು. ನೀವು ಇದನ್ನು ಮೊದಲೇ ಓದಿರುತ್ತೀರಿ. ಇನ್ನೊಮ್ಮೆ ಓದುವಾಗ ಪತ್ತೇದಾರಿಯನ್ನು ಬಿಟ್ಟು ಊರಿನವರ ಗಮನ ಎಲ್ಲೆಲ್ಲಿ ಇದೆ, ಎಲ್ಲಿ ಇಲ್ಲ ಅನ್ನುವುದನ್ನಷ್ಟೇ ಗುರುತುಹಾಕಿ.

ಹಿರಿಯರಿಗೆ ಉತ್ತರ ಬೇಕಿದ್ದರೆ ಹಾಸನ ಜಿಲ್ಲೆಯವರೇ ಆದ ಭೈರಪ್ಪನವರ ‘ಗೃಹಭಂಗ’ವನ್ನು ಮುಂದಿಡಿ. ಪ್ಲೇಗು ನಂಜಮ್ಮನ ಬೆಳೆದ ಮಕ್ಕಳನ್ನು ಕೊಂಡೊಯ್ಯುತ್ತದೆ. ಪ್ಲೇಗು ಹೇಗೆ ಹರಡುತ್ತದೆ ಎಂದು ಅಲ್ಲಿ ಯಾರೂ ಪಾಠ ಮಾಡುವುದಿಲ್ಲ. ಇಲಿ ಬೀಳುತ್ತದೆ, ಊರು ಬಿಟ್ಟು ಗುಡಿಸಲು ಹಾಕಿಕೊಳ್ಳುತ್ತಾರೆ, ಮನೆ ಬರಿದಾಗುತ್ತದೆ. ರೋಗದ ಪುಸ್ತಕ ಎಂದು ಯಾರೂ ಅದನ್ನು ಆರೋಗ್ಯ ಪುಟಕ್ಕೆ ಕಳಿಸಲಿಲ್ಲ.

ಈಗ ನಿಮ್ಮ ಕಥೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ವಿಷಯ. ಕೊನೆಯ ಪುಟದಲ್ಲಿ, ಮಾವ ಕಪಾಟಿನಿಂದ ಮಳೆ ಪುಸ್ತಕ ತೆಗೆದು ಬರೆದು ಮತ್ತೆ ಇಟ್ಟರು ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ತಂಗಿ, ಅಲ್ಲಿ ನಿಲ್ಲಬೇಕಿತ್ತು.

ಕಾಫಿ ಸೀಮೆಯ ಎಷ್ಟೋ ಮನೆಗಳಲ್ಲಿ ಈ ಪುಸ್ತಕ ಇರುತ್ತದೆ. ಬೆಳಗ್ಗೆ ಎದ್ದು ಮಳೆಮಾಪಕದ ನೀರು ಅಳೆದು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆದಿಡುವುದು ಅಪ್ಪನಿಂದ ಮಗನಿಗೆ ಬಂದ ಕೆಲಸ. ಹೂಮಳೆ ಯಾವತ್ತು ಬಿತ್ತು, ಎಷ್ಟು ಬಿತ್ತು, ಅದಾದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಯಿತೋ ಇಲ್ಲವೋ, ಹೂವಾದ ಮೇಲೆ ಬೇಕಾದ ಬ್ಯಾಕಿಂಗ್ ಮಳೆ ಬಂತೋ ಕೈಕೊಟ್ಟಿತೋ, ರೊಬಸ್ಟಾಗೆ ಸ್ಪ್ರಿಂಕ್ಲರ್ ಯಾವತ್ತಿಂದ ಹಚ್ಚಿದ್ದು. ಹೊರಗಿನವರಿಗೆ ಬರೀ ಅಂಕಿ. ಮನೆಯವರಿಗೆ ಆ ಅಂಕಿಯ ಪಕ್ಕದಲ್ಲೇ ಮಗಳ ಮದುವೆ, ಸೊಸೈಟಿಯ ಸಾಲ, ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದು ಕಿತ್ತು ಸುಟ್ಟ ವರ್ಷ ಎಲ್ಲ ಕಾಣುತ್ತದೆ. 2021ರ ಜನವರಿ ಮೊದಲ ವಾರದ ಪುಟ ತೆಗೆದು ನೋಡಿ. ಕೊಡಗು, ಚಿಕ್ಕಮಗಳೂರು, ಹಾಸನ ಮೂರೂ ಜಿಲ್ಲೆಗಳಲ್ಲಿ ಕೊಯ್ಲಿನ ನಡುವೆ ಮಳೆ ಸುರಿದು, ಗಿಡದಲ್ಲಿದ್ದ ಹಣ್ಣು ಒಡೆದು ಉದುರಿ, ಕಣದಲ್ಲಿದ್ದದ್ದು ಬೂಷ್ಟು ಹಿಡಿದು ಹೋಯಿತು. ಅದೇ ವರ್ಷ ನವೆಂಬರಿನಲ್ಲಿ ಮತ್ತೆ ಸುರಿಯಿತು. ನಿಮ್ಮ ಮಾವ ಆ ದಿನಗಳಲ್ಲಿ ಅಂಕಿಯ ಜೊತೆ ಏನಾದರೂ ಬರೆದಿದ್ದಾರೆಯೇ, ಬರೀ ಅಂಕಿ ಬರೆದು ಮುಚ್ಚಿದ್ದಾರೆಯೇ? ಬರೆಯದೇ ಬಿಟ್ಟ ದಿನಗಳಿವೆಯೇ?

ಅವರಿಗೆ ‘ಭರಣಿ ಮಳೆ ಧರಣಿಯೆಲ್ಲ ಬೆಳೆ’ ಅನ್ನುವಂಥ ಮಾತುಗಳು ಹತ್ತಾರು ಗೊತ್ತಿರುತ್ತವೆ. ಊರಿನವರು ಹಿಂದೆ ಬಂದು “ಮಳೆ ಹೆಂಗೆ ಗೌಡ್ರೆ” ಎಂದು ಕೇಳುತ್ತಿದ್ದದ್ದು ಅವರನ್ನೇ ಇರಬಹುದು. ಈಗ ಹುಡುಗರು ಮೊಬೈಲು ನೋಡುತ್ತಾರೆ. ಅದೂ ಹಲವು ಸಲ ಸುಳ್ಳಾಗುತ್ತದೆ, ಆದರೆ ಮೊಬೈಲಿಗೆ ನಾಚಿಕೆ ಇಲ್ಲ, ಅವರಿಗೆ ಇದೆ. ಒಂದು ಜೀವಮಾನ ಕಲಿತ ವಿದ್ಯೆ ಕಣ್ಣೆದುರೇ ಕೆಲಸಕ್ಕೆ ಬಾರದೆ ಹೋಗುತ್ತಿರುವ ಮನುಷ್ಯ ರಾತ್ರಿ ಅಂಗಳದಲ್ಲಿ ನಿಲ್ಲುತ್ತಾನೆ. ಬೆಳೆ ಹೋದದ್ದನ್ನು ಅಂಕಿಅಂಶ ಹೇಳುತ್ತದೆ, ಪರಿಹಾರದ ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಇರುತ್ತದೆ. ಈ ಇನ್ನೊಂದು ನಷ್ಟಕ್ಕೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ. ಹವಾಮಾನದ ಬಗ್ಗೆ ಕಥೆ ಮಾತ್ರ ಹೇಳಬಲ್ಲದ್ದು ಏನಾದರೂ ಇದ್ದರೆ ಅದು ಇಂಥದ್ದು. ನಿಮ್ಮ ಕಥೆಯನ್ನು ಆ ಪುಸ್ತಕದ ಪುಟಗಳ ಹಾಗೇ ಕಟ್ಟಿ ನೋಡಿ: ತಾರೀಕು, ಇಂಚು, ಅದರ ಕೆಳಗೆ ನಾಲ್ಕು ಸಾಲು. ಮಾವ ಬರೆದ ಅಂಕಿಗೆ ಸೊಸೆ ಬರೆದ ಸಾಲು.

ಇನ್ನೊಂದು ಮಾತು, ಇದು ಸ್ವಲ್ಪ ಕಟುವಾದದ್ದು. ನಿಮ್ಮ ಕಥೆಯಲ್ಲಿ ಮನೆಯವರೆಲ್ಲ ಬರೀ ನೊಂದವರು. ನಿಜಜೀವನದಲ್ಲಿ ಹಾಗಿರುವುದಿಲ್ಲ. ವಿಯೆಟ್ನಾಮಿನಲ್ಲಿ ಬರ ಬಿದ್ದು, ಬ್ರೆಜಿಲಿನಲ್ಲಿ ಬಿಸಿಲು ಹೆಚ್ಚಾಗಿ ಅಲ್ಲಿನ ಫಸಲು ಕುಸಿದದ್ದರಿಂದಲೂ 2024–25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ರೊಬಸ್ಟಾ ಚೀಲ ಉಳಿಸಿಕೊಂಡಿದ್ದವರು ಸಾಲ ತೀರಿಸಿದರು, ಮನೆಗೆ ತಾರಸಿ ಹಾಕಿಸಿದರು, ಕಾರು ತಂದರು. ಎಲ್ಲೋ ಕಾಣದ ದೇಶದ ಒಬ್ಬ ರೈತನ ಒಣಗಿದ ತೋಟ ಅರೇಹಳ್ಳಿಯ ಒಂದು ಮನೆಯ ಗೃಹಪ್ರವೇಶವಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ, ಆದರೆ ಕಥೆಗಾರ್ತಿ ಇದನ್ನು ಕಂಡೂ ಕಾಣದ ಹಾಗೆ ಇರಕೂಡದು. ನೆರಳಿಗಿದ್ದ ಕಾಡುಮರ ತೆಗೆಸಿ ಸಿಲ್ವರ್ ಓಕ್ ಹಾಕಿದವರು ಯಾರು, ಹೂವಿಗೆ ಎಂದು ಹಳ್ಳದ ನೀರೆಲ್ಲ ಸ್ಪ್ರಿಂಕ್ಲರಿಗೆ ಎತ್ತಿದಾಗ ಕೆಳಗಿನ ಊರಿನವರು ಏನು ಮಾಡಿದರು, ಮಳೆಯಿಂದ ಕೊಯ್ಲು ನಿಂತ ವಾರ ಕಾರ್ಮಿಕರ ಲೈನ್ ಮನೆಗಳಲ್ಲಿ ಒಲೆ ಹೇಗೆ ಉರಿಯಿತು, ಇದೆಲ್ಲ ನಿಮಗೆ ಗೊತ್ತಿದೆ. ಕಾರ್ಮಿಕ ಹೆಂಗಸರು ನಿಮ್ಮ ಕಥೆಯಲ್ಲಿ “ಆಳುಗಳು” ಎಂದು ಒಂದು ಸಲ ಬಂದು ಹೋಗಿದ್ದಾರೆ. ಟಾರ್ಪಾಲಿನ ಮೂರನೇ ತುದಿ ಹಿಡಿದವಳು ಯಾರು?

ಹಾಗೆಯೇ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಬೇಡಿ. ಕಥೆಯಲ್ಲಿ ತೋಟಕ್ಕೆ ಬಂದ ಕಾಡಾನೆಯನ್ನೂ ಭೂಮಿ ಬಿಸಿಯಾದದ್ದರ ಲೆಕ್ಕಕ್ಕೆ ಸೇರಿಸಿದ್ದೀರಿ. ಬೇಲೂರು, ಆಲೂರು, ಸಕಲೇಶಪುರದ ಆನೆ ಸಮಸ್ಯೆಗೆ ಚೂರುಚೂರಾದ ಕಾಡು, ಹಿನ್ನೀರು, ಯೋಜನೆಗಳು, ತೋಟದಲ್ಲೇ ಸಿಗುವ ಮೇವು ನೀರು, ಹೀಗೆ ಬೇರೆಯದೇ ಉದ್ದನೆಯ ಇತಿಹಾಸ ಇದೆ. ಆನೆಗೆ ಇನ್ನೊಂದು ಕಥೆ ಬರೆಯಿರಿ. ಓದುಗರ ನಂಬಿಕೆ ಒಂದು ಸಲ ಹೋದರೆ ನಿಜವಾದ ಮಳೆಯನ್ನೂ ಅವರು ಅನುಮಾನಿಸುತ್ತಾರೆ.

ಓದುವುದೇ ತಪ್ಪು ಅನ್ನಿಸುತ್ತದೆ ಎಂದಿರಿ. ಎರಡು ಪುಸ್ತಕ ಹೇಳುತ್ತೇನೆ, ಸಿಕ್ಕಿದರೆ ಓದಿ. ಒಂದು, ಜಾನ್ ಸ್ಟೈನ್‌ಬೆಕ್‌ರ ‘ದಿ ಗ್ರೇಪ್ಸ್ ಆಫ್ ರಾತ್’, 1939ರದ್ದು. ಅಮೆರಿಕದ ಓಕ್ಲಹೋಮಾದಲ್ಲಿ ದೂಳು ಎದ್ದು ಹೊಲ ಹಾಳಾಗಿ ರೈತ ಸಂಸಾರವೊಂದು ಊರು ಬಿಡುವ ಕಥೆ. ಮೊದಲ ಅಧ್ಯಾಯದಲ್ಲೇ ಗಂಡಸರು ಬೇಲಿ ಪಕ್ಕ ನಿಂತು ದೂಳು ಕವಿದ ಮುಸುಕಿನ ಜೋಳ ನೋಡುತ್ತಾರೆ. ಹೆಂಗಸರು ಹೊರಗೆ ಬಂದು ಬೆಳೆಯನ್ನು ಬಿಟ್ಟು ಗಂಡಸರ ಮುಖ ನೋಡುತ್ತಾರೆ, ಇವರು ಒಳಗೊಳಗೇ ಮುರಿದುಹೋಗುತ್ತಾರೋ ಎಂದು. ನೀವು ಒಳಗಿನಿಂದ ಮಾವನನ್ನು ನೋಡುವುದು ಹಾಗೇ ಅಲ್ಲವೇ? ಇನ್ನೊಂದು, ಬಾರ್ಬರಾ ಕಿಂಗ್‌ಸಾಲ್ವರ್ 2012ರಲ್ಲಿ ಬರೆದ ‘ಫ್ಲೈಟ್ ಬಿಹೇವಿಯರ್’. ಚಳಿಗಾಲಕ್ಕೆ ಮೆಕ್ಸಿಕೋಗೆ ಹೋಗಬೇಕಾದ ಮೊನಾರ್ಕ್ ಚಿಟ್ಟೆಗಳು ದಾರಿ ತಪ್ಪಿ ಟೆನೆಸೀಯ ಒಂದು ಬೆಟ್ಟದಲ್ಲಿ ಬಂದಿಳಿಯುತ್ತವೆ. ಊರಿನವರು ದೇವರ ಪವಾಡ ಅನ್ನುತ್ತಾರೆ. ಆ ಬೆಟ್ಟದ ಮರ ಕಡಿಸಿ ಸಾಲ ತೀರಿಸಬೇಕೆಂದು ಹೊರಟ ಮಾವ, ಚಿಟ್ಟೆಗಳನ್ನು ಮೊದಲು ಕಂಡ ಸೊಸೆ. ಅಲ್ಲಿ ವಿಜ್ಞಾನಿಯೂ ಬರುತ್ತಾನೆ, ವಿವರಿಸುತ್ತಾನೆ, ಕೆಲವು ಕಡೆ ಹೆಚ್ಚೇ ವಿವರಿಸುತ್ತಾನೆ. ಆದರೂ ಪುಸ್ತಕ ಸೊಸೆಯ ಕೈ ಬಿಡುವುದಿಲ್ಲ. ಬಡ ರೈತರ ಮನೆಯಲ್ಲಿ ಹವಾಮಾನದ ವಿಷಯ ಯಾಕೆ ಬಾಯಿಗೆ ಬರುವುದಿಲ್ಲ ಅನ್ನುವುದನ್ನು ಕಿಂಗ್‌ಸಾಲ್ವರ್ ಅವರಷ್ಟು ಅಕ್ಕರೆಯಿಂದ ಬರೆದವರು ವಿರಳ.

ಓದಿದರೆ, ಬರೆದರೆ ಮಳೆ ಸರಿಹೋಗುವುದಿಲ್ಲ. ಹಾಗೆಂದು ನಿಮಗೆ ಸುಳ್ಳು ಹೇಳಲಾರೆ. ಆದರೆ ಅಂಗಳದಲ್ಲಿ ಒಬ್ಬರೇ ನಿಂತವರ ಮನಸ್ಸಿನಲ್ಲಿ ಏನಿದೆ ಎಂದು ಯೋಚಿಸಲು ನಿಮಗೆ ಕಲಿಸಿದ್ದು ನೀವು ಓದಿದ ಕಾದಂಬರಿಗಳೇ. ಆ ಓದನ್ನು ಅಪರಾಧ ಎಂದುಕೊಳ್ಳಬೇಡಿ.

ಮಾವನವರ ವಿಷಯ ಬರವಣಿಗೆಗಿಂತ ಮೊದಲು ನೋಡಬೇಕಾದದ್ದು. ನಿದ್ದೆ ಬಾರದಿರುವುದು, ರಾತ್ರಿ ಎದ್ದು ಹೋಗುವುದು ವಾರಗಟ್ಟಲೆ ನಡೆದಿದ್ದರೆ, ಊಟ ಕಡಿಮೆಯಾಗಿದ್ದರೆ, “ಇನ್ನು ನಾನ್ಯಾಕೆ ಇರಬೇಕು” ಅನ್ನುವಂಥ ಮಾತು ಒಂದು ಸಲ ಬಂದಿದ್ದರೂ, ವಯಸ್ಸಾಯಿತು ಎಂದು ಬಿಡಬೇಡಿ. ನಿಮ್ಮ ಯಜಮಾನರ ಜೊತೆ ಮಾತಾಡಿ ವೈದ್ಯರಿಗೆ ತೋರಿಸಿ. ಟೆಲಿಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ. ಮಾವನವರು ಒಪ್ಪದಿದ್ದರೆ ಏನು ಮಾಡಬೇಕೆಂದು ಕೇಳಲು ಮೊದಲು ನೀವೇ ಕರೆ ಮಾಡಿ. ರಾತ್ರಿ ಅವರು ಎದ್ದಾಗ ನೀವೋ ನಿಮ್ಮ ಯಜಮಾನರೋ ಹೋಗಿ ಪಕ್ಕದಲ್ಲಿ ನಿಲ್ಲಿ, ಬುದ್ಧಿ ಹೇಳಲು ಹೋಗಬೇಡಿ.

ಹಗಲು ಹೊತ್ತಿನಲ್ಲಿ, ಅವರು ಸಮಾಧಾನವಾಗಿರುವಾಗ, ಮಳೆ ಪುಸ್ತಕ ಕೇಳಿ ತೆಗೆದುಕೊಳ್ಳಿ. ಹಿಂದಿನ ಪುಟಗಳನ್ನು ಅವರಿಂದಲೇ ಓದಿಸಿ. ನಿಮ್ಮ ತವರಿನ ವಿಷಯವನ್ನೂ ಹೇಳಿ, ಬರದ ವರ್ಷಗಳಲ್ಲಿ ಅರಸೀಕೆರೆ ಕಡೆ ತೆಂಗಿನ ಮರಗಳ ಸುಳಿ ಒಣಗಿ ನಿಂತದ್ದನ್ನು ನೀವು ಕಂಡಿದ್ದೀರಿ. ಒಂದೇ ಜಿಲ್ಲೆ, ಹಳೇಬೀಡು ಬೇಲೂರು ದಾಟಿ ಬಂದರೆ ಮುಗಿಯುವ ದಾರಿ, ಒಂದು ತುದಿಯಲ್ಲಿ ನೀರಿಲ್ಲದೆ ಕಂಗೆಟ್ಟವರು, ಇನ್ನೊಂದು ತುದಿಯಲ್ಲಿ ಹೊತ್ತಲ್ಲದ ಹೊತ್ತಿನ ನೀರಿಗೆ ಕಂಗೆಟ್ಟವರು. ಎರಡೂ ಮನೆಯ ಮಗಳು ನೀವು. ಕಥೆಯಲ್ಲಿ ಸೊಸೆಯ ತವರು ಎಲ್ಲಿ ಎಂದೇ ಹೇಳಿಲ್ಲ. ಹೇಳಿ. ಮಳೆ ಕಂಡರೆ ಕೈಮುಗಿಯುವ ಸೀಮೆಯಿಂದ ಬಂದವಳು ಮಳೆಗೆ ಬೈಯುವಾಗ ಅವಳ ಬಾಯಿ ಹೇಗೆ ತಡವರಿಸುತ್ತದೆ ಅನ್ನುವುದು ನಿಮಗೆ ಮಾತ್ರ ಗೊತ್ತು.

ಮೈದುನ ಇರಲಿ, ಭಾಷಣ ತೆಗೆಯಿರಿ. ಅವನು ಬಂದದ್ದು ತೋಟ ಮಾರುವ ಮಾತಾಡಲಿಕ್ಕೆ ಇರಬಹುದು ಎಂದು ನನ್ನ ಊಹೆ, ಸರಿಯೋ ತಪ್ಪೋ ನಿಮಗೆ ಬಿಟ್ಟದ್ದು. ತಿದ್ದಿದ ಮೇಲೆ ಅದೇ ಬಳಗದಲ್ಲಿ ಓದಿ, ಅದೇ ಹಿರಿಯರನ್ನು ಮುಂದೆ ಕೂರಿಸಿಕೊಂಡು. ವರದಿ ಬೇಡ ಅನ್ನುವಷ್ಟು ಕಥೆಯ ಮೇಲೆ ಪ್ರೀತಿ ಇರುವ ಮನುಷ್ಯ ಎರಡನೇ ಸಲ ಕೇಳಿಸಿಕೊಳ್ಳುತ್ತಾರೆ ಎಂಬ ಭರವಸೆ ನನಗಿದೆ. ನನಗೂ ಒಂದು ಪ್ರತಿ ಕಳಿಸಿ. ಆ ಒಂದೂವರೆ ಪುಟ ಖಾಲಿಯಾದ ಜಾಗಕ್ಕೆ ಏನು ಬಂತು ಎಂದು ನೋಡಬೇಕು.